ಒಂದೇ ಕೆಂಡದ ಮೇಲೆ ಎರಡು ಖಂಡ

ಸುಟ್ಟ ಜೋಳಕ್ಕೆ ಉಪ್ಪು, ಖಾರ, ನಿಂಬೆ. ಮಳೆಗಾಲದ ಈ ರುಚಿ ಮೆಕ್ಸಿಕೊದ ಕಣಿವೆಯೊಂದರಲ್ಲಿ ಹೊರಟು ನಮ್ಮ ಅಡುಗೆಮನೆಯ ಒಲೆಗೆ ಬಂದು ಮುಟ್ಟಿದ ಬಗೆ

ನಿಂಬೆಯ ಹೋಳನ್ನು ಉಪ್ಪು ಬೆರೆಸಿದ ಖಾರದಪುಡಿಯಲ್ಲಿ ಅದ್ದಿ, ಕೆಂಡದಿಂದ ಆಗಷ್ಟೇ ತೆಗೆದ ತೆನೆಯ ಮೇಲೆ ಉದ್ದಕ್ಕೂ ಉಜ್ಜಲು ಅರೆನಿಮಿಷ ಸಾಕು. ಮಳೆ ಹಿಡಿದುಕೊಂಡಿತೆಂದರೆ ಜೋಗದ ದಾರಿಯಲ್ಲಿ, ಚಾಮುಂಡಿಬೆಟ್ಟದ ಮೇಲೆ, ನಂದಿಬೆಟ್ಟದ ಬುಡದಲ್ಲಿ, ಊರೂರಿನ ಬಸ್ ನಿಲ್ದಾಣದ ಎದುರು ಈ ಕೆಲಸ ನಡೆಯುತ್ತಲೇ ಇರುತ್ತದೆ. ತಳ್ಳುಗಾಡಿಯವರು ಒಂದು ಕೈಯಲ್ಲಿ ಗಾಳಿಯಂತ್ರ ತಿರುಗಿಸುತ್ತಾರೆ, ಇನ್ನೊಂದು ಕೈಯಲ್ಲಿ ತೆನೆ ಹೊರಳಿಸುತ್ತಾರೆ. ಕಾಳು ಚಟಪಟ ಸಿಡಿದು ಅಲ್ಲಲ್ಲಿ ಕಪ್ಪಾದ ಮೇಲೆ ನಿಂಬೆ ಕೈಗೆ ಬರುತ್ತದೆ. ಇದಕ್ಕಿಂತ ಸರಳವಾದ ತಿಂಡಿ ನಮ್ಮಲ್ಲಿ ಹುಡುಕಿದರೂ ಸಿಗುವುದು ಕಷ್ಟ.

ಸರಳವಾಗಿರುವುದು ಮಾಡುವ ಬಗೆ ಮಾತ್ರ. ಆ ನಾಲ್ಕು ಸಾಮಗ್ರಿಗಳಲ್ಲಿ ಜೋಳ (ಅಂದರೆ ಮೆಕ್ಕೆಜೋಳ) ಮತ್ತು ಮೆಣಸಿನಕಾಯಿ ಎರಡೂ ಆರು ನೂರು ವರ್ಷಗಳ ಹಿಂದೆ ನಮ್ಮ ನೆಲದಲ್ಲಿ ಇರಲಿಲ್ಲ. ಅವೆರಡರ ತವರಾದ ಮೆಕ್ಸಿಕೊದಲ್ಲಿ ಆಗ ನಿಂಬೆ ಇರಲಿಲ್ಲ. ಇಂದು ಅಲ್ಲಿನ ಬೀದಿಯಲ್ಲೂ ಇಲ್ಲಿನ ಬೀದಿಯಲ್ಲೂ ಸುಟ್ಟ ತೆನೆಗೆ ಬೀಳುವುದು ಅದೇ ಉಪ್ಪು, ಅದೇ ಖಾರ, ಅದೇ ಹುಳಿ. ಒಂದು ದಡದಿಂದ ಎರಡು ಹೊರಟವು, ಇನ್ನೊಂದು ದಡದಿಂದ ಒಂದು ಹೊರಟಿತು, ಎರಡೂ ದಡದಲ್ಲಿ ಮೂರೂ ಕೂಡಿದವು. ಯಾವ ರಾಜನೂ ಯೋಜಿಸದ, ಯಾವ ಬಾಣಸಿಗನೂ ಬರೆದಿಡದ ಈ ಕೂಡಿಕೆಯ ಕಥೆ ಒಂದು ಹುಲ್ಲಿನಿಂದ ಶುರುವಾಗುತ್ತದೆ.

ಹುಲ್ಲು ತೆನೆಯಾದದ್ದು

ಮೆಕ್ಸಿಕೊದ ನೈರುತ್ಯ ಭಾಗದಲ್ಲಿ ಬಾಲ್ಸಾಸ್ ನದಿಯ ಕಣಿವೆಯಿದೆ. ಅಲ್ಲಿ ಟಿಯೊಸಿಂಟೆ ಎಂಬ ಕಾಡುಹುಲ್ಲು ಇಂದಿಗೂ ಬೆಳೆಯುತ್ತದೆ. ಅದರ ತೆನೆಯಲ್ಲಿ ಐದರಿಂದ ಹನ್ನೆರಡು ಕಾಳು, ಅಷ್ಟೇ. ಒಂದೊಂದು ಕಾಳಿಗೂ ಹಲ್ಲಿಗೆ ಬಗ್ಗದ ಗಟ್ಟಿ ಕವಚ. ಬಲಿತ ಕೂಡಲೇ ಕಾಳುಗಳು ಬಿಡಿಬಿಡಿಯಾಗಿ ನೆಲಕ್ಕೆ ಉದುರಿಹೋಗುತ್ತವೆ. ನಾವು ಕೈಯಲ್ಲಿ ಹಿಡಿಯುವ ದಪ್ಪ ತೆನೆಗೆ ಈ ಹುಲ್ಲು ಮೂಲವೆಂದರೆ ನಂಬುವುದು ಸುಲಭವಲ್ಲ. ವಿಜ್ಞಾನಿಗಳಲ್ಲೂ ಹಲವರು ನಂಬಿರಲಿಲ್ಲ.

ನಂಬಿದವರಲ್ಲಿ ಮುಖ್ಯರು ಅಮೆರಿಕದ ತಳಿವಿಜ್ಞಾನಿ ಜಾರ್ಜ್ ಬೀಡಲ್. ಟಿಯೊಸಿಂಟೆಯ ಕಾಳನ್ನು ಕಾಯಿಸಿದರೆ ಅದು ಕವಚ ಒಡೆದು ಅರಳುತ್ತದೆ ಎಂದು ಅವರು ತೋರಿಸಿದರು. ಅರಳಿದ ಮೇಲೆ ಅದು ತಿನ್ನಲು ಬರುತ್ತದೆ, ಹಾಗಾಗಿ ಮೊದಲ ಜನ ಈ ಹುಲ್ಲನ್ನು ಹೀಗೆಯೇ ತಿಂದಿರಬಹುದು ಎಂಬುದು 1939ರಲ್ಲಿ ಅವರು ಮುಂದಿಟ್ಟ ವಾದ. ಜೋಳದ ಕಥೆಯ ಮೊದಲ ಪುಟದಲ್ಲೇ ಬೆಂಕಿ ಇದೆ ಎಂಬ ಈ ಮಾತು ಅಡುಗೆಯವರಿಗೆ ಹಿಡಿಸುವಂಥದ್ದು. ಬೀಡಲ್ ಬೇರೆ ಸಂಶೋಧನೆಗೆ 1958ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. ಆದರೆ ಈ ಹುಲ್ಲು ಅವರ ಮನಸ್ಸಿನಿಂದ ಹೋಗಲಿಲ್ಲ. ನಿವೃತ್ತರಾದ ಮೇಲೆ ಮೆಕ್ಸಿಕೊದಲ್ಲಿ ಜೋಳ ಮತ್ತು ಟಿಯೊಸಿಂಟೆಯ ಮಿಶ್ರತಳಿಯ ಮೊಮ್ಮಕ್ಕಳ ತಲೆಮಾರನ್ನು ಸುಮಾರು 50,000 ಗಿಡಗಳಷ್ಟು ಬೆಳೆಸಿ ನೋಡಿದರು. ಸರಿಸುಮಾರು ಐನೂರಕ್ಕೊಂದು ಗಿಡ ಅಚ್ಚ ಜೋಳದ ಹಾಗೆ, ಇನ್ನೊಂದು ಅಚ್ಚ ಹುಲ್ಲಿನ ಹಾಗೆ ಬಂತು. ಲೆಕ್ಕ ಹಾಕಿದರೆ ಇವೆರಡರ ನಡುವಿನ ದೊಡ್ಡ ವ್ಯತ್ಯಾಸಗಳಿಗೆಲ್ಲ ನಾಲ್ಕೈದು ಮುಖ್ಯ ಜೀನುಗಳು ಸಾಕು ಎಂದಾಯಿತು.

ಮುಂದೆ ತಳಿವಿಜ್ಞಾನಿ ಜಾನ್ ಡೋಬ್ಲಿ ಮತ್ತು ಜೊತೆಗಾರರು ಅಂಥ ಜೀನುಗಳನ್ನು ಒಂದೊಂದಾಗಿ ಗುರುತಿಸಿದರು. ಒಂದು, ಕವಲೊಡೆದು ಪೊದೆಯಾಗುವ ಗಿಡವನ್ನು ಒಂಟಿ ದಂಟಾಗಿಸುತ್ತದೆ. ಇನ್ನೊಂದು, ಕಾಳಿನ ಕವಚವನ್ನು ಕಳಚಿ ಹಾಕುತ್ತದೆ. 2002ರಲ್ಲಿ ಪ್ರಕಟವಾದ ತಳಿ ಅಧ್ಯಯನ, ಜೋಳ ಸುಮಾರು 9,000 ವರ್ಷಗಳ ಹಿಂದೆ ಒಂದೇ ಬಾರಿ, ಇದೇ ಬಾಲ್ಸಾಸ್ ಸೀಮೆಯ ಟಿಯೊಸಿಂಟೆಯಿಂದ ಪಳಗಿತು ಎಂದು ತೋರಿಸಿತು. ಅದೇ ಕಣಿವೆಯ ಕಲ್ಲಾಸರೆಯೊಂದರಲ್ಲಿ ಸಿಕ್ಕ ಅರೆಯುವ ಕಲ್ಲುಗಳಿಗೆ ಅಂಟಿದ್ದ ಜೋಳದ ಪಿಷ್ಟದ ಕಣಗಳು ಸುಮಾರು 8,700 ವರ್ಷ ಹಳೆಯವೆಂದು 2009ರಲ್ಲಿ ತಿಳಿಯಿತು.

ಪಳಗಿದ ಈ ಗಿಡ ಮನುಷ್ಯನ ಕೈಯನ್ನೇ ನಂಬಿ ಬದುಕುವಂಥದ್ದಾಯಿತು. ಕಾಳು ತಾನಾಗಿ ಉದುರುವುದಿಲ್ಲ. ಇಡೀ ತೆನೆ ಸಿಪ್ಪೆಯೊಳಗೆ ಬಿಗಿಯಾಗಿ ಮುಚ್ಚಿಕೊಂಡಿರುತ್ತದೆ. ಯಾರಾದರೂ ಸುಲಿದು ಬಿತ್ತದಿದ್ದರೆ ಮುಂದಿನ ಪೀಳಿಗೆ ಇಲ್ಲ. ಮೈಸೂರು ಸೀಮೆಯವರು ಇದನ್ನು ಮುಸುಕಿನ ಜೋಳ ಎಂದು ಕರೆಯುವುದು ಈ ಹೊದಿಕೆಯಿಂದಲೇ.

ಆ ಮುಸುಕಿನ ತುದಿಯಲ್ಲಿ ಇಳಿಬಿದ್ದ ಕೂದಲನ್ನು ನಾವು ಅಡುಗೆಮನೆಯಲ್ಲಿ ಬೇಸರದಿಂದ ಕಿತ್ತುಹಾಕುತ್ತೇವೆ. ನಿಜದಲ್ಲಿ ಒಂದೊಂದು ಎಳೆಯೂ ಒಂದೊಂದು ಕಾಳಿಗೆ ಕಟ್ಟಿದ ದಾರಿ. ಗಿಡದ ನೆತ್ತಿಯ ಗಂಡು ಹೂವಿನಿಂದ ಪರಾಗ ಬಂದು ಎಳೆಯ ಮೇಲೆ ಕೂತು, ಅದರೊಳಗೆ ಇಳಿದು ಬುಡ ಮುಟ್ಟಿದರೆ ಅಲ್ಲೊಂದು ಕಾಳು ಕಟ್ಟುತ್ತದೆ. ಮುಟ್ಟದಿದ್ದರೆ ಆ ಜಾಗ ಬರಿದು. ತೆನೆಯಲ್ಲಿ ಅಲ್ಲಲ್ಲಿ ಕಾಳಿಲ್ಲದ ಬೊಕ್ಕು ಕಾಣುವುದಕ್ಕೆ ಸಾಮಾನ್ಯವಾಗಿ ಇದೇ ಕಾರಣ. ಹೂವುಗಳು ಜೋಡಿಜೋಡಿಯಾಗಿ ಮೂಡುವುದರಿಂದ ಕಾಳಿನ ಸಾಲುಗಳು ಹನ್ನೆರಡು, ಹದಿನಾಲ್ಕು, ಹದಿನಾರು ಹೀಗೆ ಸಮಸಂಖ್ಯೆಯಲ್ಲೇ ಇರುತ್ತವೆ. ಮುಂದಿನ ಸಲ ತೆನೆ ಸುಲಿದಾಗ ಮಕ್ಕಳಿಗೆ ಎಣಿಸಲು ಕೊಡಿ.

ಎಳೆತೆನೆಯ ದೇವತೆ, ಸುಣ್ಣದ ತಿಳಿವಳಿಕೆ

ಜೋಳದ ನಾಡಿನವರು ಅದನ್ನು ಬರಿ ಹೊಟ್ಟೆ ತುಂಬುವ ಧಾನ್ಯವೆಂದು ನೋಡಲಿಲ್ಲ. ಮಾಯಾ ಜನರ ಪೊಪೊಲ್ ವೂಹ್ ಎಂಬ ಗ್ರಂಥದಲ್ಲಿ ದೇವತೆಗಳು ಮನುಷ್ಯನನ್ನು ಜೋಳದ ಹಿಟ್ಟಿನಿಂದ ಮಾಡುತ್ತಾರೆ. ಅಜ್ಟೆಕ್ ಜನರಿಗೆ ಬಲಿತ ಜೋಳದ ದೇವರು ಒಬ್ಬನಾದರೆ ಎಳೆತೆನೆಗೇ ಶಿಲೋನೆನ್ ಎಂಬ ಬೇರೆ ದೇವತೆ ಇದ್ದಳು. ಹಾಲು ತುಂಬಿದ ಕಾಳಿನ ದಿನಗಳು ಅವರಿಗೆ ಅಷ್ಟು ಮುಖ್ಯವಾಗಿದ್ದವು.

ಅವರ ಊಟದಲ್ಲಿ ಜೋಳದ ಜೊತೆಗೆ ತಪ್ಪದೆ ಇದ್ದವು ಉಪ್ಪು ಮತ್ತು ಮೆಣಸಿನಕಾಯಿ. ಅಜ್ಟೆಕ್ ಜನ ಉಪವಾಸವೆಂದು ಬಿಡುತ್ತಿದ್ದುದೂ ಈ ಎರಡನ್ನೇ. ಉಪ್ಪು ಖಾರವಿಲ್ಲದ ಸಪ್ಪೆ ಜೋಳ ತಿನ್ನುವುದೇ ಅವರಿಗೆ ವ್ರತ. ನಮ್ಮ ತಳ್ಳುಗಾಡಿಯ ತಟ್ಟೆಯಲ್ಲಿ ಒಟ್ಟಿಗೆ ಕಾಣುವ ಜೋಡಿ ಹೊಸದಲ್ಲ, ಹುಟ್ಟಿದ ನೆಲದಲ್ಲೇ ಗಟ್ಟಿಯಾದ ಸಂಬಂಧ.

ಇನ್ನೊಂದು ದೊಡ್ಡ ತಿಳಿವಳಿಕೆ ಅವರಲ್ಲಿತ್ತು. ಬಲಿತು ಒಣಗಿದ ಕಾಳನ್ನು ಅವರು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಯಲು ಬಿಟ್ಟು, ತೊಳೆದು ಅರೆಯುತ್ತಿದ್ದರು. ಸುಣ್ಣದಿಂದ ಕಾಳಿನ ಮೇಲಿನ ತೊಗಲು ಸಡಿಲವಾಗುತ್ತದೆ, ಹಿಟ್ಟು ಹದವಾಗಿ ಅಂಟಿಕೊಂಡು ರೊಟ್ಟಿ ತಟ್ಟಲು ಬರುತ್ತದೆ. ಕಣ್ಣಿಗೆ ಕಾಣದ ಇನ್ನೂ ದೊಡ್ಡ ಲಾಭವಿತ್ತು. ಜೋಳದಲ್ಲಿರುವ ನಯಾಸಿನ್ ಎಂಬ ಬಿ ಜೀವಸತ್ವ ದೇಹಕ್ಕೆ ಹತ್ತದ ಹಾಗೆ ಕಟ್ಟುಬಿದ್ದಿರುತ್ತದೆ, ಸುಣ್ಣ ಅದನ್ನು ಬಿಡಿಸುತ್ತದೆ.

ಹಡಗುಗಳು ಹೊತ್ತೊಯ್ದದ್ದು ಧಾನ್ಯವನ್ನು ಮಾತ್ರ. ಈ ತಿಳಿವಳಿಕೆ ಅಲ್ಲೇ ಉಳಿಯಿತು. ಯೂರೋಪಿನ ಬಡವರು ಜೋಳವೊಂದನ್ನೇ ನಂಬಿ ಬದುಕಿದ ಕಡೆಗಳಲ್ಲಿ ಚರ್ಮ ಒಡೆದು, ಭೇದಿ ಹತ್ತಿ, ಬುದ್ಧಿ ಕೆಡುವ ಕಾಯಿಲೆ ಹಬ್ಬಿತು. ಸ್ಪೇನಿನ ವೈದ್ಯ ಗಾಸ್ಪರ್ ಕಸಾಲ್ 1735ರಲ್ಲಿ ಅದನ್ನು ವಿವರಿಸಿದ್ದರು. ಪೆಲಾಗ್ರ ಎಂಬ ಈ ಕಾಯಿಲೆ ಇಟಲಿಯನ್ನು ಹಿಂಡಿತು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಅಪಾರ ಸಾವುಗಳಿಗೆ ಕಾರಣವಾಯಿತು. ಇದು ಸೋಂಕಲ್ಲ, ಊಟದ ಕೊರತೆ ಎಂದು ವೈದ್ಯ ಜೋಸೆಫ್ ಗೋಲ್ಡ್‌ಬರ್ಗರ್ ಪಟ್ಟುಹಿಡಿದು ತೋರಿಸಿದರು. ಆ ಕೊರತೆ ನಯಾಸಿನ್‌ನದೆಂಬುದು ಖಚಿತವಾದದ್ದು 1937ರಲ್ಲಿ. ಒಂದು ಹಿಡಿ ಸುಣ್ಣ ಮಾಡುತ್ತಿದ್ದ ಕೆಲಸ ತಿಳಿಯಲು ಹೊರಗಿನ ಜಗತ್ತಿಗೆ ನಾಲ್ಕು ಶತಮಾನ ಹಿಡಿಯಿತು. ಬೇರೆಯವರ ಬೆಳೆಯನ್ನು ತಂದುಕೊಳ್ಳುವಾಗ ಅವರ ಅಡುಗೆಯನ್ನೂ ಕೇಳಿ ತಿಳಿಯಬೇಕು ಎಂಬ ಪಾಠ ಇದರಲ್ಲಿದೆ. ನಾವು ಎಳೆತೆನೆಯನ್ನು ತಿಂಡಿಯಾಗಿ, ಅನ್ನ ರೊಟ್ಟಿ ಬೇಳೆಯ ಊಟದ ಆಚೆಗೆ ತಿನ್ನುವುದರಿಂದ ಈ ಭಯ ನಮಗಿಲ್ಲ.

ಹೋದ ನಿಂಬೆ, ಬಂದ ಖಾರ

1492ರ ನವೆಂಬರ್‌ನಲ್ಲಿ ಕೊಲಂಬಸ್‌ನ ಜನ ಕ್ಯೂಬಾದಲ್ಲಿ ಜೋಳವನ್ನು ಮೊದಲು ಕಂಡರು. ಮರುವರ್ಷ, 1493ರ ಎರಡನೇ ಯಾನದಲ್ಲಿ, ಅವನ ಹಡಗುಗಳಲ್ಲಿ ನಿಂಬೆ ಕಿತ್ತಳೆ ಜಾತಿಯ ಹಣ್ಣುಗಳ ಬೀಜಗಳು ಅತ್ತ ಹೋದವು. ಈ ಹಣ್ಣುಗಳೆಲ್ಲ ಏಷ್ಯಾದ ಸಂತಾನ. ನಾವು ಪಾನಕಕ್ಕೆ ಹಿಂಡುವ ತೆಳುಸಿಪ್ಪೆಯ ಸಣ್ಣ ನಿಂಬೆಯೂ ಏಷ್ಯಾದ್ದೇ. ಅರಬರ ಕೈಯಿಂದ ಮೆಡಿಟರೇನಿಯನ್ ತೀರಕ್ಕೆ, ಅಲ್ಲಿಂದ ಸ್ಪೇನಿನವರ ಕೈಯಿಂದ ಕೆರಿಬಿಯನ್‌ಗೆ, ಮೆಕ್ಸಿಕೊಗೆ ಅದು ಸಾಗಿತು. ಅಲ್ಲಿನ ಬಿಸಿಲಿಗೆ ಹೊಂದಿಕೊಂಡು ಎಷ್ಟು ಬೇರೂರಿತೆಂದರೆ ಇಂದು ನಿಂಬೆಯಿಲ್ಲದ ಮೆಕ್ಸಿಕೊದ ಬೀದಿ ತಿಂಡಿಯನ್ನು ಊಹಿಸುವುದೂ ಆಗದು.

ಇತ್ತ ವಾಸ್ಕೊ ಡ ಗಾಮ 1498ರಲ್ಲಿ ಕಲ್ಲಿಕೋಟೆಗೆ ಬಂದ. ಪೋರ್ಚುಗೀಸರು 1510ರಲ್ಲಿ ಗೋವೆ ಹಿಡಿದರು. ಮೆಣಸಿನಕಾಯಿ, ಜೋಳ ಎರಡೂ ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರ ಹಡಗುದಾರಿಯಲ್ಲಿ ನಮ್ಮ ಕಡೆ ಬಂದವು ಎಂಬುದು ಬಹುಮಂದಿ ವಿದ್ವಾಂಸರು ಒಪ್ಪುವ ಮಾತು. ಮೆಣಸಿನಕಾಯಿ ನಮ್ಮ ಅಡುಗೆಯನ್ನು ಇಡಿಯಾಗಿ ಗೆದ್ದಿತು. ಕರಿಮೆಣಸು ಬೆಳೆಯದ ಒಣಸೀಮೆಯಲ್ಲೂ ಅದು ಬೆಳೆಯಿತು, ಬಡವರ ಮನೆಗೂ ಖಾರ ಬಂತು. ಹಾವೇರಿ ಜಿಲ್ಲೆಯ ಬ್ಯಾಡಗಿಯಲ್ಲಿ ಅದು ಸುಕ್ಕುಸುಕ್ಕಾಗಿ, ಬಣ್ಣ ಹೆಚ್ಚಾಗಿ, ಖಾರ ಮಿತವಾಗಿ, ತನ್ನದೇ ರೂಪ ತಾಳಿತು. ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಿಯ ಮಾನ್ಯತೆ ಇದೆ. ನಿಂಬೆಯಲ್ಲಿ ವಿಜಯಪುರ ಜಿಲ್ಲೆಯ ಇಂಡಿಯ ನಿಂಬೆಗೂ ಆ ಮಾನ್ಯತೆ ಸಿಕ್ಕಿದೆ.

ಮೆಕ್ಸಿಕೊದವರು ಇಂದು ಎಲೋಟೆ ಎಂದು ಮಾರುವ ತೆನೆಯನ್ನು ನೋಡಿದರೆ ಈ ವಿನಿಮಯ ಕಣ್ಣಿಗೆ ಕಟ್ಟುತ್ತದೆ. ಬೇಯಿಸಿದ ಅಥವಾ ಸುಟ್ಟ ತೆನೆಗೆ ಕಡ್ಡಿ ಚುಚ್ಚಿ, ಮಯೊನೇಸ್ ಅಥವಾ ಹುಳಿಕೆನೆ ಸವರಿ, ಕೊತಿಹಾ ಎಂಬ ಉಪ್ಪುಗಿಣ್ಣನ್ನು ಪುಡಿಮಾಡಿ ಉದುರಿಸಿ, ಮೇಲೆ ಮೆಣಸಿನಪುಡಿ ಹಾಕಿ ನಿಂಬೆ ಹಿಂಡುತ್ತಾರೆ. ಹಾಲು, ಕೆನೆ, ಗಿಣ್ಣು ಎಲ್ಲವೂ ದನಗಳ ಜೊತೆ ಸ್ಪೇನಿನಿಂದ ಹೋದವು. ಕಾಳು ಬಿಡಿಸಿ ಲೋಟದಲ್ಲಿ ಹಾಕಿಕೊಟ್ಟರೆ ಅಲ್ಲಿ ಅದು ಎಸ್ಕೀತೆಸ್. ಬೆಂಗಳೂರಿನ ಮಾಲುಗಳಲ್ಲಿ ಬೆಣ್ಣೆ, ಮಸಾಲೆ, ನಿಂಬೆರಸ ಬೆರೆಸಿ ಲೋಟದಲ್ಲಿ ಕೊಡುವ ಸ್ವೀಟ್ ಕಾರ್ನ್ ಅದರ ಹತ್ತಿರದ ನೆಂಟ.

ಸೋಮನಾಥಪುರದ ಕೈಯಲ್ಲಿರುವುದೇನು?

ಇಷ್ಟು ಹೇಳುವಾಗ ಕನ್ನಡ ನಾಡಿನಲ್ಲೇ ಎದ್ದ ಒಂದು ದೊಡ್ಡ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗಲಾಗದು. ಹೊಯ್ಸಳ ಮೂರನೇ ನರಸಿಂಹನ ದಂಡನಾಯಕ ಸೋಮನಾಥ ಕಟ್ಟಿಸಿದ ಸೋಮನಾಥಪುರದ ಕೇಶವ ದೇವಾಲಯ ಹದಿಮೂರನೇ ಶತಮಾನದ್ದು, ಅಂದರೆ ಕೊಲಂಬಸ್‌ಗಿಂತ ಎರಡು ಶತಮಾನಕ್ಕೂ ಹಿಂದಿನದು. ಅಲ್ಲಿನ ಹೊರಗೋಡೆಯ ಕೆಲವು ಶಿಲ್ಪಗಳ ಕೈಯಲ್ಲಿ ಸಾಲುಸಾಲು ಮಣಿ ಕೂರಿಸಿದ, ತುದಿ ಚೂಪಾದ ಉದ್ದನೆಯ ವಸ್ತುವಿದೆ. ಮೊದಲ ನೋಟಕ್ಕೆ ಸುಲಿದ ಜೋಳದ ತೆನೆಯೇ ಅನ್ನಿಸುತ್ತದೆ.

ಅಮೆರಿಕದ ಭೂಗೋಳಶಾಸ್ತ್ರಜ್ಞ ಕಾರ್ಲ್ ಜೊಹಾನೆಸೆನ್ ಮತ್ತು ಆನ್ ಪಾರ್ಕರ್ 1989ರಲ್ಲಿ ಎಕನಾಮಿಕ್ ಬಾಟನಿ ಪತ್ರಿಕೆಯಲ್ಲಿ, ಇದು ಜೋಳವೇ, ಹಾಗಾಗಿ ಕೊಲಂಬಸ್‌ಗಿಂತ ಮೊದಲೇ ಅದು ಸಾಗರ ದಾಟಿ ಭಾರತಕ್ಕೆ ಬಂದಿತ್ತು ಎಂದು ವಾದಿಸಿದರು. ಭಾರತದ ಜೋಳ ತಜ್ಞರಾದ ಎಂ.ಎಂ. ಪಾಯಕ್ ಮತ್ತು ಜೆ.ಕೆ.ಎಸ್. ಸಚಾನ್ ಇದನ್ನು ಒಪ್ಪಲಿಲ್ಲ. 1993ರಲ್ಲಿ ಅದೇ ಪತ್ರಿಕೆಯಲ್ಲಿ ಉತ್ತರ ಕೊಟ್ಟರು. ಅವರ ಪ್ರಕಾರ ಅದು ಮುಕ್ತಾಫಲ, ಮುತ್ತು ಪೋಣಿಸಿದ ಕಲ್ಪನೆಯ ಹಣ್ಣು. ಅಂದಿನ ನೆಲದ ಪದರಗಳಲ್ಲಿ ಜೋಳದ ಕಾಳು ಸಿಕ್ಕ ಒಪ್ಪುವಂಥ ಪುರಾವೆ ಇಲ್ಲ. ಊರು ತುಂಬ ಬೆಳೆಯುತ್ತಿದ್ದ ಬೆಳೆಯಾಗಿದ್ದರೆ ದೇವತೆಯ ಕೈಯಲ್ಲಿ ಮಾತ್ರ ಉಳಿದು ಒಲೆಯ ಬೂದಿಯಲ್ಲಿ, ಕಣಜದ ತಳದಲ್ಲಿ ಇಲ್ಲವಾಗುವುದು ಹೇಗೆ? ಈ ಪ್ರಶ್ನೆಗೆ ಉತ್ತರವಿಲ್ಲದ ತನಕ ನನಗೆ ಪಾಯಕ್ ಮತ್ತು ಸಚಾನ್ ಅವರ ಮಾತೇ ಸರಿ. ಹೊಯ್ಸಳ ಶಿಲ್ಪಿಯ ಕಲ್ಪನೆಯೂ ಅದರಿಂದ ಸಣ್ಣದಾಗುವುದಿಲ್ಲ.

ಸೀತನಿಯ ನೆಲಕ್ಕೆ ಬಂದ ಬೆಳೆ

ಮೆಕ್ಕೆಜೋಳದ ತೆನೆ ಹೊಸದಾಗಿ ಬಂದರೂ ಎಳೆತೆನೆ ಸುಟ್ಟು ತಿನ್ನುವುದು ನಮಗೆ ಹೊಸದಾಗಿರಲಿಲ್ಲ. ವಿಜಯಪುರ, ಬಾಗಲಕೋಟೆ, ಕಲಬುರಗಿ, ಗದಗ, ಧಾರವಾಡದ ಎರೆಹೊಲಗಳಲ್ಲಿ ಹಿಂಗಾರಿ ಬಿಳಿಜೋಳ ಹಾಲುಗಾಳಾಗುವ ಡಿಸೆಂಬರ್, ಜನವರಿಯ ದಿನಗಳಲ್ಲಿ ಸೀತನಿಯ ಸಡಗರ ಇರುತ್ತದೆ. ಹೊಲದಲ್ಲೇ ಕುಳಿ ತೋಡಿ, ಕುಳ್ಳಿನ ಕೆಂಡದಲ್ಲಿ ಹಸಿ ತೆನೆ ಹೂತು ಸುಟ್ಟು, ಬಿಸಿಯಿರುವಾಗಲೇ ಅಂಗೈಯಲ್ಲಿ ತಿಕ್ಕಿ ಕಾಳು ಉದುರಿಸುತ್ತಾರೆ. ಅದರ ಜೊತೆಗೆ ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ, ಬೆಲ್ಲ, ಮೊಸರು. ನೆಂಟರಿಷ್ಟರನ್ನು ಕರೆದು ಹೊಲದಲ್ಲಿ ಕೂಡಿಸಿ ಉಣಿಸುವ ಊಟ ಇದು. ದಕ್ಷಿಣದ ರಾಗಿ ಸೀಮೆಯಲ್ಲೂ ಹಾಲುದುಂಬಿದ ತೆನೆಯನ್ನು ಸುಟ್ಟು ಉಜ್ಜಿ, ಬೆಲ್ಲ ಕಾಯಿತುರಿ ಬೆರೆಸಿ ತಿನ್ನುವ ರೂಢಿ ಇತ್ತು.

ಬೆಂಕಿ, ಹದ, ಜೊತೆಗಿಡುವ ಪುಡಿ ಎಲ್ಲವೂ ನಮ್ಮಲ್ಲಿ ಸಿದ್ಧವಾಗಿದ್ದವು. ಹೊಸ ಬೆಳೆ ಬಂದು ಹಳೆಯ ಕೆಂಡದ ಮೇಲೆ ಕೂತಿತು, ಅಷ್ಟೇ. ಸೀತನಿ ಚಳಿಗಾಲದ್ದಾದರೆ ಮುಂಗಾರಿನಲ್ಲಿ ಬಿತ್ತಿದ ಮೆಕ್ಕೆಜೋಳ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಹಾಲುಗಾಳು ಕೊಡುತ್ತದೆ. ಮಳೆಯ ದಿನಗಳಿಗೆ ಬಿಸಿ ತಿಂಡಿಯೊಂದು ದೊರಕಿತು.

ಆದರೂ ಬಹುಕಾಲ ಇದು ಹಿತ್ತಲಿನ, ಹೊಲದಂಚಿನ ಬೆಳೆಯಾಗಿಯೇ ಇತ್ತು. ಬದಲಾವಣೆ ಬಂದದ್ದು ಸ್ವಾತಂತ್ರ್ಯದ ನಂತರ. 1957ರಲ್ಲಿ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನೊಡನೆ ಅಖಿಲ ಭಾರತ ಸಂಘಟಿತ ಮೆಕ್ಕೆಜೋಳ ಅಭಿವೃದ್ಧಿ ಯೋಜನೆ ಶುರುವಾಯಿತು. 1961ರಲ್ಲಿ ಗಂಗಾ 1, ಗಂಗಾ 101, ರಣಜಿತ್, ಡೆಕ್ಕನ್ ಎಂಬ ಮೊದಲ ಮಿಶ್ರತಳಿಗಳು ಹೊರಬಂದವು. ಮುಂದಿನ ದಶಕಗಳಲ್ಲಿ ದಾವಣಗೆರೆ, ಹಾವೇರಿ, ಚಿತ್ರದುರ್ಗ, ಶಿವಮೊಗ್ಗದ ಬಯಲುಗಳು ಮೆಕ್ಕೆಜೋಳಕ್ಕೆ ತಿರುಗಿದವು. ಹಾವೇರಿ ಕಡೆ ಗೋವಿನಜೋಳ ಎನ್ನುವ ಈ ಬೆಳೆಯಲ್ಲಿ ಕರ್ನಾಟಕ ಇಂದು ದೇಶದ ಮುಂಚೂಣಿ ರಾಜ್ಯಗಳಲ್ಲಿ ಒಂದು.

ಬೆಳೆಯುವುದು ಇಷ್ಟಾದರೂ ಅದರ ಬಹುಪಾಲು ಹೋಗುವುದು ಕೋಳಿ ಆಹಾರಕ್ಕೆ, ಪಿಷ್ಟದ ಕಾರ್ಖಾನೆಗೆ, ಈಚೆಗೆ ಎಥನಾಲ್ ತಯಾರಿಕೆಗೆ. ಬೆಳೆದವರ ಕಷ್ಟವೂ ಸಣ್ಣದಲ್ಲ. ಜೋಳದ ತವರಾದ ಅಮೆರಿಕ ಖಂಡದ್ದೇ ಆದ ಫಾಲ್ ಆರ್ಮಿವರ್ಮ್ ಎಂಬ ಸೈನಿಕ ಹುಳು ಭಾರತದಲ್ಲಿ ಮೊದಲು ಕಾಣಿಸಿಕೊಂಡದ್ದು 2018ರಲ್ಲಿ, ನಮ್ಮ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ. ಸುಳಿಯೊಳಗೆ ಕೂತು ಎಲೆ ತಿನ್ನುವ ಆ ಹುಳು ಅಲ್ಲಿಂದಾಚೆಗೆ ದೇಶವನ್ನೆಲ್ಲ ಸುತ್ತಿದೆ. ಬೆಳೆಯ ಹಿಂದೆಯೇ ಅದರ ಹಗೆಯೂ ಸಾಗರ ದಾಟಿತು.

ಸಿಹಿಯ ಬೇರೆ ಕಥೆ

ಗಾಡಿಯವರನ್ನು ಕೇಳಿದರೆ ಅವರು ಎರಡು ಗುಂಪು ತೋರಿಸುತ್ತಾರೆ: ನಾಟಿ, ಸ್ವೀಟ್. ನಾಟಿ ಎಂದು ಕರೆಸಿಕೊಳ್ಳುವುದು ಸಾಮಾನ್ಯವಾಗಿ ಧಾನ್ಯಕ್ಕೆ ಬೆಳೆದ ಜೋಳದ ಎಳೆತೆನೆ. ಸ್ವೀಟ್ ಕಾರ್ನ್‌ನ ಹಿನ್ನೆಲೆ ಬೇರೆ. ಕಾಳಿನಲ್ಲಿ ಸಕ್ಕರೆ ಪಿಷ್ಟವಾಗಿ ಮಾರ್ಪಡುವ ಕೆಲಸಕ್ಕೆ ತಡೆಯೊಡ್ಡುವ ಜೀನ್ ಬದಲಾವಣೆಯೊಂದು ಅಮೆರಿಕದ ಮೂಲನಿವಾಸಿಗಳ ಹೊಲಗಳಲ್ಲಿ ಉಳಿದುಬಂದಿತ್ತು. ವಲಸಿಗರಿಗೆ ಅದು ಪರಿಚಯವಾದದ್ದು 1779ರಲ್ಲಿ, ಮೂಲನಿವಾಸಿಗಳಾದ ಇರಾಕ್ವಾ ಜನರ ಮೇಲೆ ವಲಸಿಗರ ಸೈನ್ಯ ನುಗ್ಗಿದ ಕಾಲದಲ್ಲಿ, ಎಂದು ದಾಖಲಾಗಿದೆ. 1902ರಲ್ಲಿ ಬರ್ಪಿ ಬೀಜದ ಕಂಪನಿ ಗೋಲ್ಡನ್ ಬ್ಯಾಂಟಮ್ ಎಂಬ ಹಳದಿ ತಳಿಯನ್ನು ಮಾರುಕಟ್ಟೆಗೆ ತಂದಿತು. ಅಲ್ಲಿಯವರೆಗೆ ಹಳದಿ ಜೋಳ ದನಕ್ಕೆ, ಬಿಳಿಯದು ಮನುಷ್ಯರಿಗೆ ಎಂದುಕೊಂಡಿದ್ದ ಅಲ್ಲಿನ ಜನ ಆಮೇಲೆ ಹಳದಿಯನ್ನೇ ಹುಡುಕತೊಡಗಿದರು.

ಆ ಹಳೆಯ ಸಿಹಿ ತಳಿಗಳಿಗೆ ಒಂದು ತೊಂದರೆ ಇತ್ತು. ಗಿಡದಿಂದ ಮುರಿದ ಕೂಡಲೇ ಸಿಹಿ ಇಳಿಯತೊಡಗುತ್ತದೆ. ಸುಮಾರು 30 ಡಿಗ್ರಿ ಸೆಕೆಯಲ್ಲಿ ಒಂದು ದಿನ ಕಳೆದರೆ ಸಕ್ಕರೆಯಲ್ಲಿ ಅರ್ಧದಷ್ಟು ಹೋಗಿರುತ್ತದೆ. ಇಲಿನಾಯ್ ವಿಶ್ವವಿದ್ಯಾಲಯದ ಜಾನ್ ಲಾಫ್ನನ್ ಕಾಳು ಸುಕ್ಕುಗಟ್ಟುವ ಇನ್ನೊಂದು ಜೀನ್ ಕುರಿತು ಕೆಲಸ ಮಾಡುತ್ತಿದ್ದಾಗ, ಆ ಕಾಳುಗಳು ವಿಪರೀತ ಸಿಹಿಯೆಂದೂ ಆ ಸಿಹಿ ಬೇಗ ಇಳಿಯದೆಂದೂ ಕಂಡುಕೊಂಡು 1953ರಲ್ಲಿ ಪ್ರಕಟಿಸಿದರು. ಇಂದಿನ ಸೂಪರ್ ಸ್ವೀಟ್ ತಳಿಗಳು ಆ ಕೆಲಸದ ಫಲ. ದೂರದ ಹೊಲದಿಂದ ಲಾರಿಯಲ್ಲಿ ಬಂದು ಎರಡು ದಿನ ಅಂಗಡಿಯಲ್ಲಿದ್ದರೂ ಸಿಹಿ ಉಳಿಸಿಕೊಳ್ಳುವ ಶಕ್ತಿ ಅವಕ್ಕೆ ಬಂದದ್ದು ಹೀಗೆ.

ನಮ್ಮ ಒಲೆಯ ಮೇಲೆ

ಈ ತಿಳಿವಳಿಕೆಯೆಲ್ಲ ಮನೆಯ ಅಡುಗೆಗೆ ನೇರವಾಗಿ ಒದಗುತ್ತದೆ. ಮೊದಲನೆಯದು ಆಯ್ಕೆ. ಸಿಪ್ಪೆ ಹಸಿರಾಗಿ ಬಿಗಿಯಾಗಿರಬೇಕು, ಕೂದಲಿನ ತುದಿ ಕಂದಾಗಿ ಒಣಗಿದ್ದು ಬುಡ ಇನ್ನೂ ಹಸಿಯಾಗಿರಬೇಕು. ತುದಿಯಲ್ಲಿ ಸ್ವಲ್ಪ ಸುಲಿದು ಕಾಳಿಗೆ ಉಗುರು ಒತ್ತಿದರೆ ಹಾಲಿನಂಥ ರಸ ಚಿಮ್ಮಬೇಕು. ನೀರಿನಂಥ ರಸ ಬಂದರೆ ತೀರಾ ಎಳಸು, ಹಿಟ್ಟಾಗಿ ಮುದ್ದೆಗಟ್ಟಿದರೆ ಬಲಿತಿದೆ. ಸ್ವೀಟ್ ಕಾರ್ನ್‌ನ ರಸ ತುಸು ತಿಳಿಯಾಗಿಯೇ ಇರುತ್ತದೆ. ಸುಲಿದಿಟ್ಟ ತೆನೆಗಿಂತ ಸಿಪ್ಪೆ ಸಮೇತ ಇರುವುದನ್ನೇ ಕೊಳ್ಳಿ. ತಂದ ದಿನವೇ ಮಾಡಿ, ಆಗದಿದ್ದರೆ ಸಿಪ್ಪೆ ಸುಲಿಯದೆ ಫ್ರಿಜ್ಜಿನಲ್ಲಿಡಿ. ತಂಪಿನಲ್ಲಿ ಸಿಹಿ ಇಳಿಯುವುದು ಬಹಳ ನಿಧಾನ.

ಎರಡನೆಯದು ಬೆಂಕಿ. ನಾಟಿ ತೆನೆ ಸುಡಲು ಚೆನ್ನ. ಅದರ ಪಿಷ್ಟ ಬೆಂಕಿಗೆ ಕಂದಿ ಗಮಗಮಿಸುತ್ತದೆ, ಅಗಿಯಲು ಕಸುವಿರುತ್ತದೆ. ಗ್ಯಾಸ್ ಒಲೆಯಾದರೆ ಮೇಲೊಂದು ಜಾಲರಿ ಇಟ್ಟು, ಉರಿ ಮಧ್ಯಮದಲ್ಲಿರಿಸಿ, ಕೈಬಿಡದೆ ಹೊರಳಿಸುತ್ತಿರಬೇಕು. ಉರಿ ಹೆಚ್ಚಾದರೆ ಹೊರಗೆ ಕರಿ, ಒಳಗೆ ಹಸಿ. ಇದ್ದಿಲ ಕೆಂಡವಿದ್ದವರು ಸಿಪ್ಪೆಯನ್ನು ಹಿಂದಕ್ಕೆ ಮಡಚಿ ಕೂದಲು ತೆಗೆದು ಮತ್ತೆ ಮುಚ್ಚಿ, ನೀರಿನಲ್ಲಿ ನೆನೆಸಿ ಕೆಂಡದ ಮೇಲಿಟ್ಟರೆ ಒಳಗೆ ಹಬೆಯಲ್ಲಿ ಬೇಯುತ್ತದೆ. ಕೊನೆಗೆ ಸಿಪ್ಪೆ ಬಿಡಿಸಿ ನೇರ ಕೆಂಡಕ್ಕೆ ತೋರಿಸಿದರೆ ಮೆದುವೂ ಆಗುತ್ತದೆ, ಹೊಗೆಯ ವಾಸನೆಯೂ ಹಿಡಿಯುತ್ತದೆ.

ಸ್ವೀಟ್ ಕಾರ್ನ್ ಬೇಯಿಸಲು ಚೆನ್ನ. ಕುದಿಯುವ ನೀರಿನಲ್ಲಿ ಐದಾರು ನಿಮಿಷ ಸಾಕು. ಹೆಚ್ಚು ಬೇಯಿಸಿದರೆ ಸಿಹಿ ನೀರಿಗೆ ಹೋಗಿ ತೊಗಲು ಉಳಿಯುತ್ತದೆ. ಪಾತ್ರೆಯ ಮುಚ್ಚಳ ತೆಗೆದಾಗ ಮೂಗಿಗೆ ಬಡಿಯುವ ಆ ವಿಶಿಷ್ಟ ವಾಸನೆಯ ಮುಖ್ಯ ಭಾಗ ಡೈಮೀಥೈಲ್ ಸಲ್ಫೈಡ್ ಎಂಬ ಗಂಧಕದ ಸಂಯುಕ್ತದ್ದು. ನಾಟಿ ತೆನೆಯನ್ನು ಬೇಯಿಸುವುದಾದರೆ ಕುಕ್ಕರಿನಲ್ಲಿ ಮೂರ್ನಾಲ್ಕು ಸೀಟಿ ಬೇಕು. ಬೇಯುವ ನೀರಿಗೆ ನಿಂಬೆರಸ ಹಾಕಬೇಡಿ, ಹುಳಿ ಬಿದ್ದರೆ ಕಾಳು ಮೆತ್ತಗಾಗಲು ತಡವಾಗುತ್ತದೆ. ಅದೇನಿದ್ದರೂ ಬೆಂದ ಮೇಲೆ.

ಮೂರನೆಯದು ಮಸಾಲೆ. ನಿಂಬೆಯ ಹೋಳು ಇಲ್ಲಿ ಹುಳಿಯನ್ನೂ ಕೊಡುತ್ತದೆ, ಪುಡಿಯನ್ನು ಹಿಡಿದು ಹಚ್ಚುವ ಸಾಧನವೂ ಆಗುತ್ತದೆ. ಒಣ ತೆನೆಯ ಮೇಲೆ ಉದುರಿಸಿದ ಉಪ್ಪು ಜಾರಿಹೋಗುತ್ತದೆ, ರಸದಲ್ಲಿ ಕರಗಿದ ಉಪ್ಪು ಕಾಳಿನ ಸಂದುಗಳಿಗೆ ಇಳಿಯುತ್ತದೆ. ಉಪ್ಪು ಮತ್ತು ಬ್ಯಾಡಗಿ ಖಾರದಪುಡಿ ಸಮಪಾಲು, ಹುರಿದು ಕುಟ್ಟಿದ ಜೀರಿಗೆ ಸ್ವಲ್ಪ, ಬೇಕೆನಿಸಿದರೆ ಚಿಟಿಕೆ ಕಪ್ಪುಪ್ಪು. ಮಕ್ಕಳಿಗೆ ಮಾಡುವಾಗ ಮೊದಲು ತುಪ್ಪ ಸವರಿ. ಮೆಣಸಿನಕಾಯಿಯ ಖಾರದ ಅಂಶ ಕೊಬ್ಬಿನಲ್ಲಿ ಕರಗುವಂಥದ್ದಾದ್ದರಿಂದ ನಾಲಿಗೆಗೆ ಚುರುಕು ಕಡಿಮೆಯಾಗುತ್ತದೆ. ಮೆಕ್ಸಿಕೊದವರು ಕೆನೆ ಸವರುವುದೂ ಇದೇ ಕೆಲಸ ಮಾಡುತ್ತದೆ.

ಇವೆಲ್ಲಕ್ಕಿಂತ ನಾನು ಹೆಚ್ಚು ಇಷ್ಟಪಡುವುದು ಸೀತನಿಯಿಂದ ಕಲಿತ ದಾರಿ. ಸುಟ್ಟ ತೆನೆಗೆ ತುಪ್ಪ ಸವರಿ, ಶೇಂಗಾ ಚಟ್ನಿಪುಡಿಯಲ್ಲೋ ಗುರೆಳ್ಳು ಪುಡಿಯಲ್ಲೋ ಹೊರಳಿಸಿ, ಮೇಲೆ ನಿಂಬೆ ಹಿಂಡುವುದು. ಪುಡಿಯಲ್ಲಿ ಖಾರ, ಉಪ್ಪು, ಬೆಳ್ಳುಳ್ಳಿ ಮೊದಲೇ ಇರುತ್ತವೆ. ಎಣ್ಣೆಕಾಳಿನ ಜಿಡ್ಡು ತೆನೆಯ ಸಿಹಿಗೆ ಚೆನ್ನಾಗಿ ಹೊಂದುತ್ತದೆ. ಕೊತಿಹಾ ಗಿಣ್ಣು ಅಲ್ಲಿ ಮಾಡುವ ಕೆಲಸವನ್ನು ಇಲ್ಲಿ ಶೇಂಗಾ ಮಾಡುತ್ತದೆ. ಒಣಕೊಬ್ಬರಿ ಚಟ್ನಿಪುಡಿ ಇರುವ ಮನೆಯವರು ಅದನ್ನೇ ಬಳಸಬಹುದು.

ನಮ್ಮ ನಾಡು ಇಷ್ಟೊಂದು ಮೆಕ್ಕೆಜೋಳ ಬೆಳೆದರೂ ಅದು ನೇರವಾಗಿ ನಮ್ಮ ಬಾಯಿಗೆ ಬರುವುದು ಹೆಚ್ಚಾಗಿ ಈ ಎಳೆತೆನೆಯ ರೂಪದಲ್ಲಿ ಮಾತ್ರ. ಕಾಳು ಬಲಿತು ಒಣಗಿದ ಮೇಲೆ ರೈತನಿಗೂ ತಿನ್ನುವವರಿಗೂ ನಡುವೆ ಮಂಡಿ, ಲಾರಿ, ಕಾರ್ಖಾನೆ ಎಲ್ಲ ಬರುತ್ತವೆ. ಹಾಲುಗಾಳಿನ ಹೊತ್ತಿಗೆ ಅವು ಯಾವುವೂ ಇಲ್ಲ, ಹೊಲಕ್ಕೂ ಒಲೆಗೂ ನಡುವೆ ಒಂದು ದಿನದ ಅಂತರ ಸಾಕು. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ದಾವಣಗೆರೆ, ಹಾವೇರಿ ದಾರಿಯಲ್ಲಿ ಹೊಲದ ಬದಿ ತೆನೆ ರಾಶಿ ಹಾಕಿಕೊಂಡು ಕೂತವರು ಕಂಡರೆ ಬೆಳೆದವರ ಕೈಯಿಂದಲೇ ಕೊಳ್ಳಿ, ಚೌಕಾಸಿ ಮಾಡಬೇಡಿ, ಅಂದೇ ಸುಡಿ. ಹಿತ್ತಲಲ್ಲಿ ಜಾಗವಿರುವವರು ಒಂದೇ ಸಾಲಿನಲ್ಲಿ ಬಿತ್ತದೆ ನಾಲ್ಕು ಗಿಡ್ಡ ಸಾಲುಗಳಲ್ಲಿ ಒತ್ತಾಗಿ ಬಿತ್ತಿ. ಪರಾಗ ಗಾಳಿಯಲ್ಲಿ ಹಾರಿ ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದ್ದರಿಂದ ಗುಂಪಾಗಿದ್ದರೆ ಮಾತ್ರ ತೆನೆ ತುಂಬ ಕಾಳು ಕಟ್ಟುತ್ತದೆ. ಬಿತ್ತಿದವರು, ಸುಟ್ಟವರು, ಹೊಸ ಪುಡಿ ಹಚ್ಚಿ ನೋಡಿದವರು, ಇವರೇ ಒಂಬತ್ತು ಸಾವಿರ ವರ್ಷ ಈ ತೆನೆಯನ್ನು ಮುಂದಕ್ಕೆ ತಂದದ್ದು. ಆ ಸಾಲಿನಲ್ಲಿ ನಿಲ್ಲಲು ನಮಗೂ ಜಾಗವಿದೆ.